ಗುಜರಿಗೆ ಹಾಕುವ ಮುಂಚೆ ಹಾರ್ಡ್ ಡಿಸ್ಕ್ ಒರೆಸೋಕೆ ಯಾವುದು ವಾಸಿ?

ತುಮಕೂರಿನಲ್ಲಿ ನಮ್ಮದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಹಳೇ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕಬೇಕಿತ್ತು. ಒಳಗಿದ್ದದ್ದು ಬರೀ ಗಿರಾಕಿಗಳ ಆಧಾರ್, ಪಹಣಿ, ಪಾಸ್‌ಬುಕ್ ಸ್ಕ್ಯಾನ್‌ಗಳು. ಹಾಗೇ ಕೊಡೋ ಮಾತೇ ಇಲ್ಲ.

ಮೊದಲು ಕ್ವಿಕ್ ಫಾರ್ಮ್ಯಾಟ್. ಅರೆಗಳಿಗೆಯಲ್ಲಿ ಮುಗೀತು, ಡಿಸ್ಕ್ ಖಾಲಿ ಅಂತ ತೋರಿಸ್ತು. ಅದೇ ಡಿಸ್ಕ್ ಮೇಲೆ, ಅಳಿಸಿದ ಕಡತಗಳನ್ನು ಹುಡುಕಿ ತೆಗೆಯುವ, ಪುಕ್ಕಟೆ ಸಿಗುವ ಫೋಟೋರೆಕ್ ಸಾಫ್ಟ್‌ವೇರ್ ಓಡಿಸಿದೆ. ಕಡತಗಳ ಹೆಸರು ಹೋಗಿ ಎಫ್ ಅಕ್ಷರದ ಮುಂದೆ ಉದ್ದದ ನಂಬರ್ ಬಂದಿತ್ತು, ಆದರೆ ತೆರೆದರೆ ಯಾರದೋ ಪಹಣಿ, ಸರ್ವೆ ನಂಬರ್ ಸಮೇತ! ಪುಸ್ತಕದ ಪರಿವಿಡಿ ಹರಿದರೆ ಪುಟಗಳೇನೂ ಅಳಿಸಿಹೋಗಲ್ಲವಲ್ಲ, ಹಾಗೆ.

ಆಮೇಲೆ ಡಿಬ್ಯಾನ್, ಡಿಸ್ಕ್ ಒರೆಸೋಕೆ ಅಂತಲೇ ಇರುವ ಸಾಫ್ಟ್‌ವೇರ್. ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕು. ಹಳೇ ಮಾಹಿತಿಯ ಮೇಲೆ ತಾನಾಗೇ ಮೂರು ಸಲ ಬರೆಯುತ್ತೆ, ಅಷ್ಟೂ ಹೊತ್ತು ಕಾಯಬೇಕು. ಅದರಲ್ಲಿ 35 ಸಲ ಬರೆಯುವ ಗುಟ್‌ಮನ್ ವಿಧಾನವೂ ಇದೆ. 1996ರ ಲೇಖನದ್ದು, ಆ ಕಾಲದ ಡಿಸ್ಕ್‌ಗಳಿಗೆ ಅಂತ ಹೇಳಿದ್ದು. ಈಗ ಅದಕ್ಕೆ ಕರೆಂಟ್ ಸುಡೋದು ದಂಡ. ಅಮೆರಿಕ ಸರ್ಕಾರದ ಮಾನಕ ಸಂಸ್ಥೆ ನಿಸ್ಟ್‌ನ 2014ರ ಮಾರ್ಗಸೂಚಿಯ ಪ್ರಕಾರ, ತಿರುಗುವ ತಟ್ಟೆಯ ಡಿಸ್ಕ್‌ಗೆ ಸಾಮಾನ್ಯವಾಗಿ ಒಂದೇ ಸಲ ಮೇಲೆ ಬರೆದರೆ ಸಾಕು. ಇನ್ನೊಂದು ಮಾತು: ಡಿಬ್ಯಾನ್‌ನಲ್ಲಿ 'ಆಟೋನ್ಯೂಕ್' ಅಂತ ಕೊಟ್ಟರೆ ಜೋಡಿಸಿರುವ ಎಲ್ಲ ಡಿಸ್ಕನ್ನೂ ಕೇಳದೇ ಒರೆಸುತ್ತೆ. ಉಳಿಸಬೇಕಾದ್ದನ್ನು ಮೊದಲೇ ಕಳಚಿಡಿ.

ಕೊನೆಗೆ ನನಗೆ ಒಪ್ಪಿದ್ದು ವಿಂಡೋಸ್‌ನಲ್ಲೇ ಇರುವ, ಕಮಾಂಡ್ ಟೈಪ್ ಮಾಡಿ ನಡೆಸುವ ಡಿಸ್ಕ್‌ಪಾರ್ಟ್. ಹಳೇ ಡಿಸ್ಕನ್ನು ಕೇಬಲ್‌ನಲ್ಲಿ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ, 'ಲಿಸ್ಟ್ ಡಿಸ್ಕ್' ಕೊಟ್ಟು, ಗಾತ್ರ ನೋಡಿ ಗುರುತು ಹಿಡಿದು, ಆ ನಂಬರನ್ನು ಸೆಲೆಕ್ಟ್ ಮಾಡಿ 'ಕ್ಲೀನ್ ಆಲ್'. ಬರೀ 'ಕ್ಲೀನ್' ಅಂದರೆ ಪಾರ್ಟಿಷನ್ (ಡಿಸ್ಕಿನ ಭಾಗಗಳ) ಮಾಹಿತಿ ಮಾತ್ರ ಹೋಗುತ್ತೆ. 'ಆಲ್' ಸೇರಿದರೆ ಇಡೀ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತೆ. ಎಷ್ಟು ಮುಗೀತು ಅಂತ ಶೇಕಡಾ ಗಿಕಡಾ ಏನೂ ತೋರಿಸಲ್ಲ, ಕರ್ಸರ್ ಮಿನುಗುತ್ತಾ ಕೂತಿರುತ್ತೆ. ಕೆಟ್ಟಿದೆ ಅಂತ ಮಧ್ಯೆ ಮುಚ್ಚಬೇಡಿ, ರಾತ್ರಿ ಹಾಕಿ ಮಲಗಿ. ಇದಾದ ಮೇಲೆ ಫೋಟೋರೆಕ್‌ಗೆ ಒಂದು ಚಿತ್ರವೂ ಸಿಗಲಿಲ್ಲ.

ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಲೆಕ್ಕ ಬೇರೆ. ಸವೆತ ಹಂಚಲು ಅದು ಮಾಹಿತಿಯನ್ನು ಜಾಗ ಬದಲಿಸಿ ಇಡುತ್ತೆ, ಮೇಲಿಂದ ಬರೆದದ್ದು ಎಲ್ಲ ಕಡೆ ಮುಟ್ಟಲ್ಲ. ಅದಕ್ಕೆ ತಯಾರಕರ ಸಾಫ್ಟ್‌ವೇರಿನ ಸೆಕ್ಯೂರ್ ಎರೇಸ್ (ಪೂರ್ತಿ ಅಳಿಸುವ ಆಯ್ಕೆ) ಬಳಸಿ.

ಬ್ಯಾಡ್ ಸೆಕ್ಟರ್ (ಕೆಟ್ಟುಹೋದ ಜಾಗ) ತುಂಬಿದ ಡಿಸ್ಕ್ ಒಂದಿತ್ತು, ಅರ್ಧದಲ್ಲೇ ಎರರ್ ಹೊಡೀತಿತ್ತು. ಅದನ್ನು ಒರೆಸೋ ಗೋಜಿಗೆ ಹೋಗದೆ ಡ್ರಿಲ್ಲಿಂಗ್ ಮೆಷಿನ್‌ನಿಂದ ತಟ್ಟೆಗಳಿಗೇ ತೂತು ಹೊಡೆಸಿದೆ. ಲ್ಯಾಪ್‌ಟಾಪ್ ಡಿಸ್ಕ್ ಆದರೆ ಕಣ್ಣಿಗೆ ಕನ್ನಡಕ ಇರಲಿ, ಅವುಗಳ ತಟ್ಟೆ ಹೆಚ್ಚಾಗಿ ಗಾಜಿನದು, ಚೂರು ಸಿಡಿಯುತ್ತೆ.