ಗೋಡೆಗೆ ಹೊಂದಿಸಿದ ಬಟ್ಟೆ ಕಪಾಟು: ಐದು ವರ್ಷ ಬಳಸಿದ ಮೇಲೆ

ದಾವಣಗೆರೆಯ ನಿಟುವಳ್ಳಿಯಲ್ಲಿರುವ ನಮ್ಮ ಮನೆಯ ಮಲಗುವ ಕೋಣೆಯಲ್ಲಿ, ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ, ನೆಲದಿಂದ ಸೂರಿನವರೆಗೆ ತುಂಬಿಕೊಂಡಿರುವ ಬಟ್ಟೆ ಕಪಾಟನ್ನು ನಾನೇ ಮಾಡಿ ಕೂರಿಸಿ ಐದು ವರ್ಷಗಳಾದವು. ನಾನು ವೃತ್ತಿಯಿಂದ ಬಡಗಿಯಲ್ಲ, ಕಾಲೇಜಿನಲ್ಲಿ ಲೆಕ್ಕಪತ್ರ ಕಲಿಸುವವನು. ಹೊಸದರಲ್ಲಿ ಯಾವ ಕಪಾಟೂ ಚೆನ್ನಾಗಿಯೇ ಕಾಣುವುದರಿಂದ ಇದರ ಬಗ್ಗೆ ಬರೆಯಲು ಇಷ್ಟು ದಿನ ಕಾದೆ. ಐದು ಮಳೆಗಾಲ ಮತ್ತು ಐದು ಬೇಸಿಗೆಗಳನ್ನು ಕಂಡ ಮೇಲೆ ಪ್ಲೈವುಡ್, ಅದರ ಮೇಲೆ ಅಂಟಿಸುವ ಮೈಕಾ ಹಾಳೆ, ಬಾಗಿಲಿನ ಕೀಲು, ಡ್ರಾಯರು ಜಾರುವ ಚಾನೆಲ್‌ಗಳ ಗುಣದೋಷಗಳನ್ನೂ ನನ್ನ ಕೈಕೆಲಸದ ಗುಣದೋಷಗಳನ್ನೂ ಬೇರೆ ಬೇರೆಯಾಗಿ ಹೇಳುವುದು ಈಗ ಸಾಧ್ಯವಾಗಿದೆ.

ಮೊದಲು ಆ ಜಾಗದಲ್ಲಿ ಒಂದು ಕಬ್ಬಿಣದ ಬೀರುವೂ, ಅದರ ಪಕ್ಕದಲ್ಲಿ ಕಡಪ ಕಲ್ಲಿನ ಹಲಗೆಗಳನ್ನು ಗೋಡೆಯಲ್ಲಿ ಹುದುಗಿಸಿ ಮಾಡಿದ ಗೂಡೂ ಇದ್ದವು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇಂಥ ಗೂಡುಗಳು ಸಾಮಾನ್ಯ. ಕಡಪ ಕಲ್ಲಿಗೆ ಗೆದ್ದಲಿನ ಭಯವಿಲ್ಲ, ನೀರಿನ ಭಯವೂ ಇಲ್ಲ, ಅದನ್ನು ನಾನು ಹಳಿಯಲಾರೆ. ಆದರೆ ನಮ್ಮ ಗೂಡಿನ ಆಳ 15 ಇಂಚು ಮಾತ್ರ ಇತ್ತು. ಹ್ಯಾಂಗರಿಗೆ ಹಾಕಿದ ಅಂಗಿ ಅಡ್ಡಲಾಗಿ ನಿಲ್ಲಬೇಕಾದರೆ ಒಳಗೆ 22 ಇಂಚಾದರೂ ಆಳ ಬೇಕು. ಗೂಡನ್ನು ಒಡೆಸಿ ಗೋಡೆಯನ್ನು ಸಮ ಮಾಡಿಸಿದ್ದು 2019ರ ಡಿಸೆಂಬರಿನಲ್ಲಿ. ಹಲಗೆಗಳು ಮನೆಗೆ ಬಂದದ್ದು 2020ರ ಫೆಬ್ರವರಿಯಲ್ಲಿ. ಮಾರ್ಚ್ 25ರಿಂದ ಲಾಕ್‌ಡೌನ್ ಆದ್ದರಿಂದ ಕೀಲುಗಳೂ ಒಳಮೈಗೆ ಅಂಟಿಸುವ ತೆಳು ಮೈಕಾ ಹಾಳೆಗಳೂ ಅಂಗಡಿಯಲ್ಲೇ ಉಳಿದವು, ನಾನು ಟೆರೇಸಿನ ಮೇಲೆ ಹಲಗೆಗಳೊಂದಿಗೆ ಉಳಿದೆ. ಎಲ್ಲ ಬಾಗಿಲುಗಳೂ ಕೂತದ್ದು ಆಗಸ್ಟಿನಲ್ಲಿ.

ಗೋಡೆಯಿಂದ ಗೋಡೆಗೆ ಕಪಾಟು ಮಾಡುವವನ ಮೊದಲ ಎದುರಾಳಿ ಗೋಡೆಯೇ. ನಮ್ಮ ಕೋಣೆಯ ಆ ಬದಿಯ ಅಗಲ ನೆಲದ ಹತ್ತಿರ 9 ಅಡಿ 3 ಇಂಚು ಇತ್ತು. ಏಳಡಿ ಎತ್ತರದಲ್ಲಿ ಅಳೆದಾಗ ಅದೇ ಅಗಲ 16 ಮಿ.ಮೀ. ಕಡಿಮೆ ಬಂತು. ಮೊದಲ ಸಲ ಟೇಪು ಜಾರಿರಬೇಕೆಂದು ಭಾವಿಸಿ ಮೂರು ಸಲ ಅಳೆದೆ. ಪಕ್ಕದ ಬೀದಿಯ ಹಿರಿಯ ಬಡಗಿಯೊಬ್ಬರು ನನ್ನ ಕಾಗದದ ಮೇಲಿನ ನಕ್ಷೆಯನ್ನು ನೋಡಿ, “ಅಳತಿ ತಗಂಡೀರಿ, ಖರೆ. ಗೋಡಿನ್ನ ಕೇಳಿದ್ರೇನು?” ಎಂದರು. ತೂಗುಗುಂಡು ಬಿಟ್ಟು ನೋಡಿದಾಗ ಬಚ್ಚಲುಮನೆಯ ಬದಿಯ ಗೋಡೆ ಒಳಕ್ಕೆ ವಾಲಿರುವುದೂ, ರಸಮಟ್ಟ ಇಟ್ಟಾಗ ನೆಲ ಕಿಟಕಿಯ ಕಡೆಗೆ ಇಳಿದಿರುವುದೂ ಕಂಡವು. ನೆಲ ಇಳಿಜಾರಾಗಿದ್ದದ್ದು ಕೆಟ್ಟ ಕೆಲಸವಲ್ಲ; ಒರೆಸಿದ ನೀರು ಹರಿದು ಹೋಗಲೆಂದು ಮೇಸ್ತ್ರಿಯೇ ಕೊಟ್ಟ ವಾಟ. ಆದರೆ ಕಪಾಟಿಗೆ ವಾಟ ಆಗಿಬರುವುದಿಲ್ಲ, ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಇದಕ್ಕೆ ನಾನು ಅನುಸರಿಸಿದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಐದು ವರ್ಷಗಳ ನಂತರವೂ ನನಗೆ ಪೂರ್ತಿ ಸಮಾಧಾನ ಕೊಡುತ್ತಿರುವುದು ಈ ಭಾಗವೇ. ಇಡೀ ಅಗಲಕ್ಕೆ ಒಂದೇ ಚೌಕಟ್ಟು ಮಾಡದೆ, ತಲಾ 36 ಇಂಚು ಅಗಲದ ಮೂರು ಬೇರೆ ಬೇರೆ ಡಬ್ಬಿಗಳನ್ನು ಮಾಡಿದೆ. ಮೂರೂ ಸೇರಿ 9 ಅಡಿ. ಉಳಿದ ಮೂರು ಇಂಚನ್ನು ಎರಡು ಕೊನೆಗಳಿಗೆ ಹಂಚಿ, ಅಲ್ಲಿ ತೇಗದ ಪಟ್ಟಿಗಳನ್ನು ಕೂರಿಸಿದೆ. ಪಟ್ಟಿಯನ್ನು ಗೋಡೆಗೆ ಒರಗಿಸಿ, ಕೈವಾರದ ಒಂದು ಕಾಲನ್ನು ಗೋಡೆಯ ಮೇಲೂ ಪೆನ್ಸಿಲಿನ ಕಾಲನ್ನು ಪಟ್ಟಿಯ ಮೇಲೂ ಇಟ್ಟು ಮೇಲಿನಿಂದ ಕೆಳಗೆ ಎಳೆದರೆ, ಗೋಡೆಯ ಉಬ್ಬುತಗ್ಗುಗಳೆಲ್ಲ ಗೆರೆಯಾಗಿ ಮೂಡುತ್ತವೆ. ಆ ಗೆರೆಯವರೆಗೆ ಕೀಸುಳಿಯಿಂದ ಕೀಸಿದರೆ ಪಟ್ಟಿ ಗೋಡೆಗೆ ಹೇಳಿ ಮಾಡಿಸಿದಂತೆ ಕೂರುತ್ತದೆ. ಡಬ್ಬಿ ನೇರವಾಗಿ ಉಳಿಯುತ್ತದೆ, ಗೋಡೆಯ ಸೊಟ್ಟತನವನ್ನು ಪಟ್ಟಿ ನುಂಗುತ್ತದೆ. ಕೊನೆಯ ಬಾಗಿಲು ಹಿಡಿಕೆಯ ಸಮೇತ ಪೂರ್ತಿ ತೆರೆದುಕೊಳ್ಳುವುದಕ್ಕೂ ಈ ಒಂದೂವರೆ ಇಂಚು ಬೇಕು. ನೆಲದ ವಾಟಕ್ಕಾಗಿ 4 ಇಂಚು ಎತ್ತರದ ಪೀಠವನ್ನು ಬೇರೆಯಾಗಿ ಮಾಡಿ, ಮೊದಲು ಅದನ್ನು ರಸಮಟ್ಟಕ್ಕೆ ಸರಿಯಾಗಿ ಕೂರಿಸಿ, ಅದರ ಮೇಲೆ ಡಬ್ಬಿಗಳನ್ನು ಏರಿಸಿದೆ.

ಎತ್ತರದಲ್ಲೂ ಎರಡು ಭಾಗ ಮಾಡಿದ್ದೇನೆ: ಕೆಳಗಿನ ಡಬ್ಬಿಗಳು 80 ಇಂಚು, ಅವುಗಳ ಮೇಲೆ ಅಟ್ಟದ ಮೂರು ಸಣ್ಣ ಡಬ್ಬಿಗಳು ತಲಾ 33 ಇಂಚು. ಪ್ಲೈವುಡ್ ಹಲಗೆಯ ಉದ್ದವೇ 8 ಅಡಿ ಎಂಬುದು ಒಂದು ಕಾರಣ. ಮತ್ತೊಂದು ಕಾರಣ ನನಗೆ ಕಾಗದದ ಮೇಲೆ ಲೆಕ್ಕ ಹಾಕಿದಾಗ ಹೊಳೆದದ್ದು: ನಮ್ಮ ಸೂರಿನ ಎತ್ತರ 120 ಇಂಚು; 118 ಇಂಚು ಎತ್ತರ ಮತ್ತು 23 ಇಂಚು ಆಳದ ಡಬ್ಬಿಯನ್ನು ಮಲಗಿಸಿ ಜೋಡಿಸಿ ಎತ್ತಿ ನಿಲ್ಲಿಸಲು ಹೊರಟರೆ, ಅದರ ಕರ್ಣ 120 ಇಂಚನ್ನು ದಾಟುತ್ತದೆ, ಅಂದರೆ ಅದು ನಿಲ್ಲುವುದೇ ಇಲ್ಲ. 23 ಇಂಚಿನ ಆಳವನ್ನು ಆರಿಸಿಕೊಂಡದ್ದೂ ಹಲಗೆಯನ್ನು ನೋಡಿಯೇ. 4 ಅಡಿ ಅಗಲದ ಹಲಗೆಯನ್ನು ಉದ್ದುದ್ದ ಸೀಳಿದರೆ, ಗರಗಸದ ಅಲಗು ತಿನ್ನುವ 3 ಮಿ.ಮೀ. ಕಳೆದರೂ ಎರಡು ಪಕ್ಕಗಳು ಸಲೀಸಾಗಿ ಸಿಗುತ್ತವೆ. ಒಟ್ಟು 18 ಮಿ.ಮೀ. ದಪ್ಪದ 15 ಹಲಗೆಗಳೂ ಹಿಂಬದಿಗೆ 6 ಮಿ.ಮೀ. ದಪ್ಪದ 5 ಹಲಗೆಗಳೂ ಬೇಕಾದವು. 18 ಮಿ.ಮೀ. ಹಲಗೆಯೊಂದು ಸುಮಾರು 30 ಕೆಜಿಗೂ ಹೆಚ್ಚು ತೂಗುವುದರಿಂದ ಟೆರೇಸಿಗೆ ಸಾಗಿಸಲು ಇಬ್ಬರು ವಿದ್ಯಾರ್ಥಿಗಳು ಬಂದಿದ್ದರು. ಅವರಿಗೆ ಕೂಲಿಯಾಗಿ ಸಂದದ್ದು ಮಂಡಕ್ಕಿ, ಮೆಣಸಿನಕಾಯಿ.

ಪ್ಲೈವುಡ್ಡಿನ ವಿಷಯದಲ್ಲಿ ಕೆಳಗಿನ ಡಬ್ಬಿಗಳಿಗೆ ಐಎಸ್ 710 (ಐಎಸ್ ಎಂದರೆ ಭಾರತೀಯ ಮಾನಕ) ಗುರುತಿನ, 72 ಗಂಟೆ ಕುದಿಯುವ ನೀರಿನ ಪರೀಕ್ಷೆಯನ್ನು ತಾಳಬೇಕಾದ ದರ್ಜೆಯನ್ನೂ, ಅಟ್ಟಕ್ಕೆ ಐಎಸ್ 303ರ ಸಾಮಾನ್ಯ ತೇವನಿರೋಧಕ ದರ್ಜೆಯನ್ನೂ ಬಳಸಿದೆ. ಐದು ವರ್ಷಗಳ ನಂತರ ಅಟ್ಟದ ಹಲಗೆಗಳು ಕೆಳಗಿನವುಗಳಷ್ಟೇ ಗಟ್ಟಿಯಾಗಿವೆ, ಒಂದು ಪದರವೂ ಬಿಟ್ಟಿಲ್ಲ. ಮಲಗುವ ಕೋಣೆಯ ಕಪಾಟಿಗೆಲ್ಲ ದುಬಾರಿ ದರ್ಜೆ ಬೇಕೆಂಬ ಅಂಗಡಿಯವರ ಮಾತನ್ನು ನಾನು ಇನ್ನು ಒಪ್ಪುವುದಿಲ್ಲ. ನೀರು ತಾಕುವ ಪೀಠಕ್ಕೂ ತೇವದ ಗೋಡೆಯ ಪಕ್ಕಕ್ಕೂ ಅದನ್ನು ಬಳಸಿದರೆ ಸಾಕು.

ಹಲಗೆ ಕೊಯ್ಯುವುದನ್ನು ಕೈಯಲ್ಲಿ ಹಿಡಿಯುವ ವೃತ್ತಾಕಾರದ ವಿದ್ಯುತ್ ಗರಗಸದಿಂದಲೇ ಮಾಡಿದೆ. ಯಂತ್ರದೊಂದಿಗೆ ಬಂದ 24 ಹಲ್ಲಿನ ಅಲಗು ಅಂಚನ್ನೆಲ್ಲ ಚೂರು ಚೂರಾಗಿ ಎಬ್ಬಿಸಿತು. 60 ಹಲ್ಲಿನದನ್ನು ಹಾಕಿದ ಮೇಲೆ ಆ ತೊಂದರೆ ಹೋಯಿತು. ಅಲಗಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಹಲಗೆಯ ಒಳ್ಳೆಯ ಮುಖವನ್ನು ಕೆಳಗೆ ಮಾಡಿ, ಅಡಿಯಲ್ಲಿ ದಪ್ಪ ಥರ್ಮೋಕೋಲ್ ಹಾಸಿ ಕೊಯ್ಯಬೇಕು. ಮುಖಗವಸಿಲ್ಲದೆ ಈ ಕೆಲಸಕ್ಕೆ ಯಾರೂ ಇಳಿಯಬಾರದು. ಪ್ಲೈವುಡ್ಡಿನ ಹುಡಿಯಲ್ಲಿ ಮರದೊಂದಿಗೆ ಅಂಟೂ ಇರುತ್ತದೆ.

ಇನ್ನು ಕೆಟ್ಟದ್ದರ ವಿಚಾರ. ಎಡಗಡೆಯ ಡಬ್ಬಿಯ ಹಿಂದಿರುವುದು ಬಚ್ಚಲುಮನೆಯ ಗೋಡೆ. ಉಳಿದ ಎರಡು ಡಬ್ಬಿಗಳ ಹಿಂದೆ ಒಂದು ಇಂಚು ಸಂದು ಬಿಟ್ಟಿದ್ದೆ. ಗೋಡೆ ಉಬ್ಬಿದ್ದ ಆ ಜಾಗದಲ್ಲಿ ಮಾತ್ರ ಡಬ್ಬಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದೆ. 2021ರ ಅಕ್ಟೋಬರಿನಲ್ಲಿ, ಮಳೆ ಬಿಡದೆ ಹಿಡಿದ ದಿನಗಳಲ್ಲಿ, ನನ್ನ ಪತ್ನಿಯ ಇಳಕಲ್ ಸೀರೆಗಳಿಗೆ ಮುಗ್ಗಲು ವಾಸನೆ ಬರತೊಡಗಿತು. ಕೆಳಗಿನ ಖಾನೆಯನ್ನು ಖಾಲಿ ಮಾಡಿ ನೋಡಿದರೆ ಹಿಂಬದಿಯ ಹಲಗೆಯ ಮೇಲೆ ಎರಡಡಿ ಎತ್ತರದವರೆಗೆ ಬೂಷ್ಟು ಹಿಡಿದಿತ್ತು. ಬಚ್ಚಲಿನ ಟೈಲ್ಸ್ ಸಂದುಗಳಿಂದ ಇಳಿದ ನೀರು ಗೋಡೆಯಲ್ಲಿ ಹರಡಿ, ಈ ಕಡೆ ಬಣ್ಣದ ಕೆಳಗೆ ಬಿಳಿ ಉಪ್ಪಾಗಿ ಒಡೆದಿತ್ತು.

ಅಂದು ನನ್ನನ್ನು ಕಾಪಾಡಿದ್ದು, ಡಬ್ಬಿಯನ್ನು ಗೋಡೆಗೆ ಅಂಟಿಸದೆ ಇದ್ದದ್ದು. ಬಹಳಷ್ಟು ಮನೆಗಳಲ್ಲಿ ಹಿಂಬದಿಯ ಹಲಗೆಯನ್ನು ಗೋಡೆಗೇ ಅಂಟು ಹಚ್ಚಿ, ಮೊಳೆ ಹೊಡೆದು, ಅದರ ಮೇಲೆ ಚೌಕಟ್ಟು ಕಟ್ಟುತ್ತಾರೆ. ಅದನ್ನು ತೆಗೆಯಬೇಕಾದರೆ ಒಡೆಯಬೇಕು. ನನ್ನ ಪ್ರತಿ ಡಬ್ಬಿಯೂ ತನ್ನಷ್ಟಕ್ಕೆ ಪೂರ್ಣವಾಗಿ ನಿಲ್ಲುವಂಥದ್ದು. ಪಕ್ಕದ ಡಬ್ಬಿಗೆ ನಾಲ್ಕು ಬೋಲ್ಟುಗಳು, ಗೋಡೆಗೆ ಮೇಲುಗಡೆ ಎರಡು ಕಬ್ಬಿಣದ ಮೂಲೆಪಟ್ಟಿಗಳು, ಅವುಗಳಿಗೆ 8 ಮಿ.ಮೀ. ನೈಲಾನ್ ಬಿರಡೆಯಲ್ಲಿ ಕೂತ ಸ್ಕ್ರೂಗಳು, ಅಷ್ಟೇ ಬಂಧನ. ಅರ್ಧ ದಿನದಲ್ಲಿ ಬಾಗಿಲು ಕಳಚಿ ಡಬ್ಬಿಯನ್ನು ಈಚೆಗೆ ಎಳೆದೆವು. ಬಚ್ಚಲಿನ ಸಂದುಗಳಿಗೆ ಹೊಸದಾಗಿ ಎಪಾಕ್ಸಿ ತುಂಬಿಸಿ, ಗೋಡೆಯನ್ನು ಎರಡು ತಿಂಗಳು ಒಣಗಲು ಬಿಟ್ಟು, ಉಬ್ಬನ್ನು ಕೆತ್ತಿಸಿ, ಹಿಂಬದಿಯ ಹಲಗೆಯನ್ನಷ್ಟೇ ಬದಲಿಸಿ ಮತ್ತೆ ಕೂರಿಸಿದೆ. ಈ ಸಲ ಅಲ್ಲಿಯೂ ಒಂದು ಇಂಚು ಸಂದು ಬಿಟ್ಟು, ಗಾಳಿ ಕೆಳಗಿನಿಂದ ಮೇಲಕ್ಕೆ ಆಡಲೆಂದು ಪೀಠದಲ್ಲಿ ಹಾಗೂ ಅಟ್ಟದ ಮೇಲಿನ ಪಟ್ಟಿಯಲ್ಲಿ ಸಾಲು ತೂತುಗಳನ್ನು ಕೊರೆದೆ. ಆಮೇಲಿನ ಮಳೆಗಾಲಗಳಲ್ಲಿ ವಾಸನೆ ಮರಳಿಲ್ಲ. ಹೆಸರಿಗೆ ಇದು ಗೋಡೆ ಕಪಾಟು. ಆದರೆ ಗೋಡೆ ಮತ್ತು ಕಪಾಟಿನ ನಡುವೆ ಕೈ ತೂರುವಷ್ಟು ಜಾಗವಿಲ್ಲದಿದ್ದರೆ ಅಂಥ ಕಪಾಟನ್ನು ನಾನು ಇನ್ನು ಯಾರಿಗೂ ಸೂಚಿಸುವುದಿಲ್ಲ.

ಇನ್ನೊಂದು ಪೆಟ್ಟು ಬಾಗಿಲುಗಳಿಂದ ಬಂತು, ಅದು ನನ್ನ ಅವಸರದ ಫಲ. ಎತ್ತರದ ಆರು ಬಾಗಿಲುಗಳಲ್ಲಿ ನಾಲ್ಕಕ್ಕೆ ಹೊರಗೆ 1 ಮಿ.ಮೀ. ಮೈಕಾ, ಒಳಗೆ ತೆಳುವಾದ ಬಿಳಿ ಮೈಕಾ ಅಂಟಿಸಿದ್ದೆ. ಕೊನೆಯ ಎರಡಕ್ಕೆ ಒಳಗಿನ ಹಾಳೆ ಸಾಲದೆ, ಹೊರಗಷ್ಟೇ ಮೈಕಾ ಅಂಟಿಸಿ ಒಳಗೆ ಎನಾಮೆಲ್ ಬಳಿದೆ. ಮರ ತೇವವನ್ನು ಹೀರಿ ಬಿಡುತ್ತ ಹಿಗ್ಗಿ ಕುಗ್ಗುತ್ತದೆ; ಮೈಕಾ ಅಂಟಿದ ಮುಖ ಮಾತ್ರ ಅದರ ಜೊತೆಗೆ ಅಷ್ಟೇ ಅಲುಗುವುದಿಲ್ಲ. ಎರಡೂ ಮುಖಗಳ ಎಳೆತ ಸಮವಾಗಿಲ್ಲದಿದ್ದರೆ ಹಲಗೆ ಬಿಲ್ಲಾಗುತ್ತದೆ. 2021ರ ಏಪ್ರಿಲ್ ಬಿಸಿಲಿನಲ್ಲಿ ಆ ಎರಡು ಬಾಗಿಲುಗಳು ಬಾಗಿ, ಕೆಳತುದಿಯಲ್ಲಿ 9 ಮಿ.ಮೀ. ಸಂದು ಬಿಟ್ಟವು. ಕೀಲಿನ ಸ್ಕ್ರೂ ತಿರುಗಿಸಿ ಬಾಗಿಲನ್ನು ಮೇಲೆ ಕೆಳಗೆ, ಒಳಗೆ ಹೊರಗೆ, ಎಡಕ್ಕೆ ಬಲಕ್ಕೆ ಸರಿಸಬಹುದು. ಬಾಗಿದ ಹಲಗೆಯನ್ನು ನೇರ ಮಾಡಲಾಗುವುದಿಲ್ಲ. ಮೈಕಾ ಅಂಟಿಸುವಾಗ ಒತ್ತಡಕ್ಕೆಂದು ಊರಿನಿಂದ ತರಿಸಿದ್ದ ಮೆಕ್ಕೆಜೋಳದ ಚೀಲಗಳನ್ನೇ ಮತ್ತೆ ಹೇರಿ ಒಂದು ವಾರ ಇಟ್ಟೆ. ಚೀಲ ತೆಗೆದ ಮೂರನೆಯ ದಿನ ಬಾಗಿಲುಗಳು ಮತ್ತೆ ಬಿಲ್ಲಾದವು. ಕೊನೆಗೆ ಹೊಸ ಬಾಗಿಲುಗಳನ್ನೇ ಮಾಡಿದೆ.

ಕೀಲುಗಳ ಬಗ್ಗೆ ಹೆಚ್ಚು ದೂರಿಲ್ಲ. ಬಾಗಿಲಿನೊಳಗೆ ಹುದುಗುವ 35 ಮಿ.ಮೀ. ಬಟ್ಟಲಿನ, ನಿಧಾನವಾಗಿ ಮುಚ್ಚಿಕೊಳ್ಳುವ ಕೀಲುಗಳು ಎತ್ತರದ ಬಾಗಿಲಿಗೆ ನಾಲ್ಕು, ಅಟ್ಟದ ಬಾಗಿಲಿಗೆ ಎರಡರಂತೆ ಒಟ್ಟು 36 ಇವೆ. ಅವುಗಳಲ್ಲಿ ಮೂರು ಈಗ ಮೃದುತನ ಕಳೆದುಕೊಂಡು ಟಪ್ಪೆಂದು ಮುಚ್ಚುತ್ತವೆ; ಮೂರೂ ದಿನಕ್ಕೆ ಹತ್ತಾರು ಸಲ ತೆರೆಯುವ ಮಧ್ಯದ ಬಾಗಿಲಿನವು. ಡ್ರಾಯರುಗಳ ಟೆಲಿಸ್ಕೋಪಿಕ್ ಚಾನೆಲ್‌ಗೆ ಪ್ರತಿ ಬದಿಯಲ್ಲಿ 13 ಮಿ.ಮೀ. ಜಾಗ ಬೇಕು. ಮೊದಲ ಡ್ರಾಯರನ್ನು ಮಾಡುವಾಗ ಅದನ್ನು 12 ಎಂದುಕೊಂಡು ಮಾಡಿದ್ದರಿಂದ ಅದು ಇಂದಿಗೂ ಒಳಹೋಗಲು ಮೊಣಕಾಲಿನ ನೆರವು ಕೇಳುತ್ತದೆ. ಬೇಸಿಗೆಯ ಧೂಳು ಚಾನೆಲ್‌ನ ಗುಂಡುಗಳಲ್ಲಿ ಸೇರಿ ಕರಕರ ಎನ್ನುವುದರಿಂದ ವರ್ಷಕ್ಕೊಮ್ಮೆ ಒಣ ಬ್ರಷ್ಷಿನಿಂದ ಗುಡಿಸುತ್ತೇನೆ. ಎಣ್ಣೆ ಹಚ್ಚಿದರೆ ಧೂಳು ಇನ್ನಷ್ಟು ಹಿಡಿಯುತ್ತದೆ.

ಸೀರೆಯ ಖಾನೆಗಳ ಲೆಕ್ಕವೂ ತಪ್ಪಿತ್ತು. ಸುಮಾರು 34 ಇಂಚು ಉದ್ದಕ್ಕೆ ನಡುವೆ ಆಸರೆಯಿಲ್ಲದೆ ಇಟ್ಟ 18 ಮಿ.ಮೀ. ಹಲಗೆ, ರೇಷ್ಮೆ ಸೀರೆಗಳ ಭಾರಕ್ಕೆ ಎರಡು ವರ್ಷಗಳಲ್ಲಿ 5 ಮಿ.ಮೀ. ಜಗ್ಗಿತು. ಭಾರ ಅಷ್ಟೇ ಇದ್ದು ಅಂತರ ಇಮ್ಮಡಿಯಾದರೆ ಜಗ್ಗುವಿಕೆ ಎಂಟು ಪಟ್ಟಾಗುತ್ತದೆ ಎಂಬುದು ಕಟ್ಟಡದ ತೊಲೆಗೆ ಹೇಗೋ ಕಪಾಟಿನ ಹಲಗೆಗೂ ಹಾಗೆಯೇ. ನಡುವೆ ಒಂದು ನಿಲುಹಲಗೆ ಸೇರಿಸಿದ ಮೇಲೆ ಅದು ನಿಂತಿತು.

ಹಣದ ಮಾತು ಚಿಕ್ಕದು. ಸಾಮಗ್ರಿಗೆ 84 ಸಾವಿರ, ಉಪಕರಣಗಳಿಗೆ 19 ಸಾವಿರ, ಮೇಲೆ ಹೇಳಿದ ಎರಡು ತಪ್ಪುಗಳಿಗೆ 11 ಸಾವಿರ ರೂಪಾಯಿ ಖರ್ಚಾಯಿತು. ಆಗ ಅಂಗಡಿಯೊಂದು ಇದೇ ಅಳತೆಗೆ ಹೇಳಿದ್ದ ಬೆಲೆ 1 ಲಕ್ಷ 75 ಸಾವಿರ. ಉಳಿತಾಯವಾಯಿತೆಂದು ಲೆಕ್ಕಪತ್ರದವನಾದ ನಾನೇ ಹೇಳಲಾರೆ, ಏಕೆಂದರೆ ಎಂಟು ತಿಂಗಳ ಭಾನುವಾರಗಳನ್ನು ಯಾವ ಕಲಮಿಗೆ ಹಾಕಬೇಕೆಂದು ತಿಳಿಯದು. ಡಬ್ಬಿಯನ್ನು ಕಳಚುವಂತೆ ಕಟ್ಟಿಕೊಡಿ ಎಂದು ಆ ಅಂಗಡಿಯವರನ್ನು ಕೇಳಿದ್ದೆ; ಹಾಗೆಲ್ಲ ಮಾಡುವುದಿಲ್ಲ ಎಂದಿದ್ದರು. ನಾನೇ ಮಾಡಲು ಹೊರಟದ್ದಕ್ಕೆ ನಿಜವಾದ ಕಾರಣ ಅದು.

ಈಗ ಉಳಿದಿರುವ ಕೊರತೆಗಳಲ್ಲಿ ದೊಡ್ಡದು ಪೀಠ. ದಿನವೂ ನೆಲ ಒರೆಸುವ ನೀರು ತಗುಲಿ ಅದರ ಮುಂಭಾಗದ ಕೆಳಅಂಚಿನಲ್ಲಿ ಮೈಕಾ ಒಂದು ಗೇಣಿನಷ್ಟು ಎದ್ದಿದೆ. ಒಳಗಿನ ಪ್ಲೈವುಡ್ ಇನ್ನೂ ಊದಿಲ್ಲ. ಮುಂಭಾಗದ ಪಟ್ಟಿಯನ್ನೂ ಸ್ಕ್ರೂವಿನಲ್ಲೇ ನಿಲ್ಲಿಸಿರುವುದರಿಂದ, ಬರುವ ರಜೆಯಲ್ಲಿ ಅದನ್ನು ಬಿಚ್ಚಿ, ನೀರು ಕುಡಿಯದ ಡಬ್ಲ್ಯೂಪಿಸಿ (ಮರದ ಹುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ) ಪಟ್ಟಿಯನ್ನು ಅದೇ ತೂತುಗಳಿಗೆ ಕೂರಿಸಲಿದ್ದೇನೆ.