‘ನಾಗರಹಾವು ದೊಡ್ಡ ಪರದೆಯಲ್ಲಿ’ ಅನ್ನೋ ಪೋಸ್ಟರ್ ಬಂದಿದ್ದರೆ ದುಡ್ಡು ಹಾಕುವ ಮುಂಚೆ ಓದಿ

ನಿನ್ನೆ ದಾವಣಗೆರೆಯಿಂದ ನಮ್ಮ ಭಾವ ವಾಟ್ಸಾಪ್‌ನಲ್ಲಿ ಒಂದು ಪೋಸ್ಟರ್ ಕಳಿಸಿ ‘ನೀವೂ ಬರ್ತೀರಾ?’ ಅಂತ ಕೇಳಿದರು. ನೋಡಿದ ಕೂಡಲೇ ಗುರುತು ಹತ್ತಿತು. ಅದೇ ಹೆಡೆ ಎತ್ತಿದ ಹಾವು, ಅದೇ ಹಳದಿ ಅಕ್ಷರ, ಪುಟ್ಟಣ್ಣ ಕಣಗಾಲ್ ಹೆಸರು ‘ಕನಗಲ್’ ಆಗಿರುವ ಅದೇ ತಪ್ಪು. ಎರಡು ತಿಂಗಳ ಹಿಂದೆ ಚಿತ್ರದುರ್ಗದಲ್ಲಿ ನಮಗೆ ಟೋಪಿ ಹಾಕಿದ್ದು ಇದೇ ಪೋಸ್ಟರ್. ಊರು ಬದಲಾಗಿದೆ, ಟಿಕೆಟ್ 250ರಿಂದ 300ಕ್ಕೆ ಏರಿದೆ, ಅಷ್ಟೇ.

ನಾವು ನಂಬಿದ್ದಕ್ಕೂ ಕಾರಣ ಇತ್ತು. 1972ರ ಈ ಸಿನಿಮಾ 2018ರಲ್ಲಿ ಹೊಸ ಸೌಂಡ್ ಜೊತೆ ಥಿಯೇಟರ್‌ಗಳಿಗೆ ಮತ್ತೆ ಬಂದಿತ್ತು. ಹಾಗಾಗಿ ‘ಹೊಸ ಪ್ರಿಂಟ್’ ಅಂದಾಗ ಅನುಮಾನ ಬರಲಿಲ್ಲ. ಜೊತೆಗೆ ಅಮ್ಮನ ಆಸೆ. ಚಿಕ್ಕವಳಿದ್ದಾಗ ಶೂಟಿಂಗ್ ನೋಡಲು ಕೋಟೆಗೆ ಓಡಿದ್ದಳಂತೆ. ವಿಷ್ಣುವರ್ಧನ್ ಕಾಣಲಿಲ್ಲ, ಯಾರೋ ಕೊಡೆ ಹಿಡಿದವನ ಬೆನ್ನು ಮಾತ್ರ ಕಂಡಿತು ಅಂತ ಇವತ್ತಿಗೂ ಹೇಳುತ್ತಾಳೆ. ನಾಲ್ಕು ಟಿಕೆಟ್‌ಗೆ ಸಾವಿರ ರೂಪಾಯಿ ಫೋನ್‌ಪೇ ಮಾಡಿದೆ. ದುಡ್ಡು ಹೋಗಿದ್ದು ಸಂಸ್ಥೆಯ ಖಾತೆಗಲ್ಲ, ಯಾರದೋ ಸ್ವಂತ ನಂಬರಿಗೆ. ಅಲ್ಲೇ ಎಚ್ಚರ ಆಗಬೇಕಿತ್ತು.

ಹೋಗಿ ನೋಡಿದರೆ ಕಲ್ಯಾಣ ಮಂಟಪ. ನಮ್ಮ ನಾಲ್ಕೂ ಟಿಕೆಟ್ ಮೇಲೆ 27 ಅಂತ ಇತ್ತು. ಪಕ್ಕದವರದ್ದೂ 27. ಮೊದಲ ಅರ್ಧ ಗಂಟೆ ಕುರ್ಚಿಗೆ ಜಗಳ. ಟಿಕೆಟ್ ಜೊತೆ ಕೊಡುತ್ತೇವೆ ಅಂದಿದ್ದ ಮಂಡಕ್ಕಿ ಮಿರ್ಚಿ ಮಾತ್ರ ಬಿಸಿಯಾಗಿತ್ತು, ಸುಳ್ಳು ಹೇಳಬಾರದು.

ಸಿನಿಮಾ ಓಡುತ್ತಿದ್ದುದು ಲ್ಯಾಪ್‌ಟಾಪ್‌ನಿಂದ, ಅದೂ ನೆಟ್‌ನಲ್ಲಿ ಪುಕ್ಕಟೆ ಸಿಗುವ ವಿಡಿಯೋ. ಮೂಲೆಯಲ್ಲಿ ಯಾವುದೋ ಚಾನೆಲ್‌ನ ಗುರುತು. ಆಯೋಜಕರ ಮೊಬೈಲ್‌ನಿಂದ ನೆಟ್ ಕೊಟ್ಟಿದ್ದರು. ಅವರಿಗೆ ಕಾಲ್ ಬಂದಾಗಲೆಲ್ಲ ಚಿತ್ರ ನಿಂತು ಪರದೆ ನಡುವೆ ಚಕ್ರ ಸುತ್ತುತ್ತಿತ್ತು. ‘ಬಾರೇ ಬಾರೇ’ ಹಾಡಿನ ಮಧ್ಯೆ ಚಿನ್ನದ ಸಾಲದ ಜಾಹೀರಾತು ಬಂತು. ಆ ಕಾಲದಲ್ಲೇ ಸ್ಲೋ ಮೋಷನ್‌ನಲ್ಲಿ ತೆಗೆದ ಹಾಡು ಅದು. ಇಲ್ಲಿ ಯಾವುದು ಸ್ಲೋ ಮೋಷನ್, ಯಾವುದು ನೆಟ್ ತೊಂದರೆ ಅಂತಲೇ ಗೊತ್ತಾಗಲಿಲ್ಲ.

ಹೊಟ್ಟೆ ಉರಿದದ್ದು ಓಬವ್ವನ ಭಾಗಕ್ಕೆ. ಹಳೆಯ ಸಿನಿಮಾದ ಚೌಕಟ್ಟು ಹೆಚ್ಚುಕಡಿಮೆ ಚೌಕಾಕಾರ. ಉದ್ದನೆಯ ಪರದೆ ತುಂಬಲಿ ಅಂತ ಇವರು ಅದನ್ನು ಹಿಗ್ಗಿಸಿ ಮೇಲೆ ಕೆಳಗೆ ಕತ್ತರಿಸಿದ್ದರು. ಜಯಂತಿ ಒನಕೆ ಎತ್ತಿದರೆ ಅದರ ತುದಿ ಕಾಣದು. ಕೆಳಗೆ ಕಿಂಡಿಯಿಂದ ನುಸುಳಿ ಬರುವ ಸೈನಿಕನ ತಲೆಯೂ ಕಾಣದು. ‘ಏನೋ ಇದು, ರಾಗಿ ಕುಟ್ಟಿದ ಹಾಗೆ ಕಾಣ್ತದಲ್ಲೋ?’ ಅಂದಳು ಅಮ್ಮ. ಹಿಂದಿನ ಸಾಲಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ದುರ್ಗದ ಜನರ ಮುಂದೆಯೇ ಓಬವ್ವನಿಗೆ ಈ ಗತಿ!

ಒಂಬತ್ತೂವರೆಗೆ ಮಂಟಪದವರು ಬಂದು ಟೈಮ್ ಆಯ್ತು ಅಂತ ಲೈಟ್ ಹಾಕಿದರು. ರಾಮಾಚಾರಿ, ಮಾರ್ಗರೇಟ್, ಚಾಮಯ್ಯ ಮೇಷ್ಟ್ರು ಬೆಟ್ಟದ ಮೇಲೆ ಎದುರಾಗುವ ಕೊನೆಯ ಭಾಗ ಇನ್ನೂ ಬಂದಿರಲಿಲ್ಲ. ದುಡ್ಡು ವಾಪಸ್ ಕೇಳಿದರೆ ‘ಗ್ರೂಪ್‌ನಲ್ಲಿ ಮೆಸೇಜ್ ಹಾಕಿ’ ಅಂದರು. ಮನೆ ತಲುಪುವಷ್ಟರಲ್ಲಿ ಗ್ರೂಪ್‌ನಲ್ಲಿ ಅಡ್ಮಿನ್ ಬಿಟ್ಟು ಬೇರೆಯವರು ಬರೆಯುವ ಹಾಗಿರಲಿಲ್ಲ. ಬೆಳಿಗ್ಗೆ ನನ್ನನ್ನೇ ತೆಗೆದುಹಾಕಿದ್ದರು.

ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಸಿನಿಮಾದ ಹಕ್ಕು ಬಿಡುಗಡೆಯಾದ ವರ್ಷದ ನಂತರ 60 ವರ್ಷ ಇರುತ್ತದೆ. ನಾಗರಹಾವಿಗೆ 2032 ಮುಗಿಯುವವರೆಗೂ ಇದೆ. ಹಕ್ಕು ಇರುವವರ ಒಪ್ಪಿಗೆ ಇಲ್ಲದೆ ಟಿಕೆಟ್ ಮಾರಿ ತೋರಿಸುವಂತಿಲ್ಲ. ಹಾಗಾಗಿ ದುಡ್ಡು ಹಾಕುವ ಮುಂಚೆ ‘ಒಪ್ಪಿಗೆ ಪತ್ರ ಇದೆಯಾ, ಪ್ರಿಂಟ್ ಯಾರು ಕೊಟ್ಟರು, ರಸೀದಿ ಕೊಡ್ತೀರಾ’ ಅಂತ ಕೇಳಿ. ಉತ್ತರದ ಬದಲು ಕೈ ಮುಗಿಯುವ ಎಮೋಜಿ ಬಂದರೆ ಬಿಟ್ಟುಬಿಡಿ. ಈಗಾಗಲೇ ಮೋಸ ಹೋಗಿದ್ದರೆ ಗ್ರಾಹಕರ ಸಹಾಯವಾಣಿ 1915, ಆನ್‌ಲೈನ್ ವಂಚನೆಗೆ 1930. ಪೋಸ್ಟರ್, ಪೇಮೆಂಟ್ ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ, ಗ್ರೂಪ್ ಜೊತೆ ಪೋಸ್ಟರೂ ಹೋಯಿತು ಅಂದುಕೊಂಡಿದ್ದೆ. ಈಗ ಭಾವ ಕಳಿಸಿದ್ದಾರಲ್ಲ, ಅದನ್ನೇ ಹಚ್ಚಿ ದೂರು ಕೊಡುತ್ತಿದ್ದೇನೆ. ಪಾಪ, ಅವರು ಆಗಲೇ ಆರು ಟಿಕೆಟ್ ತಗೊಂಡಾಗಿದೆ.