ಹೊಟ್ಟೆಯ ಸ್ಕ್ಯಾನಿಂಗ್ ‘ನಾರ್ಮಲ್’ ಬಂತೆಂದು ಸುಮ್ಮನಿರಬೇಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಹೆಂಗಸೊಬ್ಬರಿಗೆ ಮುಟ್ಟು ನಿಂತು ಮೂರು ವರ್ಷದ ಮೇಲೆ ಲಂಗದಲ್ಲಿ ರಕ್ತದ ಕಲೆ ಕಾಣಿಸಿತು. ಉಷ್ಣವಾಗಿರಬೇಕೆಂದು ಕೊತ್ತಂಬರಿ ಕಷಾಯ ಕುಡಿದರು. ಕಲೆ ಹೋಗುತ್ತಿತ್ತು, ಬರುತ್ತಿತ್ತು. ಸೊಸೆಯ ಕಿವಿಗೆ ಹಾಕಿದ್ದು ಎಷ್ಟೋ ತಿಂಗಳ ನಂತರ. ಅವಳು ಮೆಡಿಕಲ್‌ನಿಂದ ರಕ್ತ ನಿಲ್ಲುವ ಗುಳಿಗೆ ತರಿಸಿದಳು, ನಿಂತಿತು. ಮತ್ತೆ ಶುರುವಾದಾಗ ಮಗ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರದು ಮಲಯಾಳ, ಅಮ್ಮನಿಗೆ ಬರುವುದು ಕನ್ನಡ, ನಡುವೆ ಮಾತು ದಾಟಿಸುವವನು ಮಗ. ಅವನೆದುರು ಬಾಯಿ ಬಿಡಲಾಗದೆ ‘ಕಿಬ್ಬೊಟ್ಟೆ ನೋವು, ಸುಸ್ತು’ ಎಂದರು, ಅಷ್ಟೆ. ಹೊಟ್ಟೆಯ ಮೇಲಿಂದ ಸ್ಕ್ಯಾನಿಂಗ್ ಆಯಿತು, ಗರ್ಭಕೋಶ ನಾರ್ಮಲ್ ಎಂದು ರಿಪೋರ್ಟ್ ಬಂತು. ಆ ಕಾಗದವನ್ನು ನಂಬಿ ಇನ್ನೊಂದು ವರ್ಷ ಕಳೆಯಿತು. ಕೊನೆಗೆ ಕೆಟ್ಟ ವಾಸನೆಯ ನೀರು ಹೋಗತೊಡಗಿದ ಮೇಲೆ ಮಂಗಳೂರಿಗೆ ಹೋದರು. ಅಲ್ಲಿ ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಒಳಗೆ ನೋಡುವ ಸಾಧನ) ಇಟ್ಟು ನೋಡಿದಾಗ ಗರ್ಭಕೋಶದ ಬಾಯಿಯ ಹುಣ್ಣು ಬರಿಗಣ್ಣಿಗೇ ಕಂಡಿತು. ಅಲ್ಲಿಂದ ಚೂರು ತೆಗೆದು ಮಾಡಿದ ಪರೀಕ್ಷೆಯಲ್ಲಿ, ಅಂದರೆ ಬಯಾಪ್ಸಿಯಲ್ಲಿ, ಕ್ಯಾನ್ಸರ್. ಅಕ್ಕಪಕ್ಕಕ್ಕೆ ಹರಡಿದ್ದರಿಂದ ಆಪರೇಷನ್ನಿನ ಹಂತ ದಾಟಿತ್ತು. ವಾರಕ್ಕೆ ಐದು ದಿನದಂತೆ ಐದು ವಾರ ರೇಡಿಯೇಶನ್, ಜೊತೆಗೆ ವಾರಕ್ಕೊಮ್ಮೆ ಕೀಮೋ, ಅದಾದ ಮೇಲೆ ಒಳಗಿನಿಂದ ಕೊಡುವ ರೇಡಿಯೇಶನ್. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇವೆ.)

ಸ್ಕ್ಯಾನಿಂಗ್‌ನವರು ತಪ್ಪು ಬರೆದಿರಲಿಲ್ಲ. ಹೊಟ್ಟೆಯ ಮೇಲಿನ ಸ್ಕ್ಯಾನಿಂಗ್‌ನಲ್ಲಿ ಫೈಬ್ರಾಯ್ಡ್ ಗಡ್ಡೆ, ಅಂಡಾಶಯದ ನೀರುಗುಳ್ಳೆ, ಗರ್ಭಕೋಶದ ಒಳಪದರದ ದಪ್ಪ ಗೊತ್ತಾಗುತ್ತದೆ. ಗರ್ಭಕೋಶದ ಬಾಯಿಯ ಚರ್ಮದಲ್ಲಿ ಆಗುವ ಆರಂಭದ ಬದಲಾವಣೆ ಅದರಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಕಣ್ಣಿನಿಂದ ನೋಡಬೇಕು, ಇಲ್ಲವೇ ಅಲ್ಲಿಂದ ಸ್ಯಾಂಪಲ್ ತೆಗೆಯಬೇಕು. ಮುಟ್ಟು ಪೂರ್ತಿ ನಿಂತು 12 ತಿಂಗಳಾದ ಮೇಲೆ ಒಂದು ಹನಿ ರಕ್ತ ಬಂದರೂ ಎರಡೂ ಆಗಬೇಕು: ಸ್ಪೆಕ್ಯುಲಮ್ ಪರೀಕ್ಷೆ ಮತ್ತು ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್. ಒಳಪದರ 4 ಮಿಲಿಮೀಟರಿಗಿಂತ ದಪ್ಪವಿದ್ದರೆ ಅಲ್ಲಿಂದಲೂ ಬಯಾಪ್ಸಿ ತೆಗೆಯುತ್ತಾರೆ. ಹೆಚ್ಚಿನವರಲ್ಲಿ ಸಿಗುವುದು ಬರೀ ಒಣಗಿದ ಚರ್ಮವೋ ಸಣ್ಣ ಪಾಲಿಪ್ಪೋ ಆಗಿರುತ್ತದೆ. ಆದರೆ ಅದನ್ನು ನೋಡಿಯೇ ಹೇಳಬೇಕು, ಮನೆಯಲ್ಲಿ ಕೂತು ಅಂದಾಜು ಮಾಡುವುದಲ್ಲ.

ಗರ್ಭಕೋಶದ ಬಾಯಿಯ ಈ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ವೈರಸ್. ಅದರ 16 ಮತ್ತು 18ನೇ ಬಗೆಗಳೇ ಸುಮಾರು 70 ಶೇಕಡಾ ಪ್ರಕರಣಗಳಿಗೆ ಕಾರಣ. ಗಂಡ-ಹೆಂಡತಿ ಕೂಡುವುದರಿಂದ ಬರುವ ಸೋಂಕು ಎಂದ ಕೂಡಲೇ ‘ನಾನೇನು ಅಂಥವಳೇ’ ಎಂಬ ಮಾತು ಬರುತ್ತದೆ. ಜೀವನದಲ್ಲಿ ಒಮ್ಮೆಯಾದರೂ ಇದು ಹೆಚ್ಚುಕಡಿಮೆ ಎಲ್ಲರಿಗೂ ತಗಲುತ್ತದೆ, ಬಹಳ ಮಂದಿಗೆ ತಾನಾಗಿ ಹೋಗುತ್ತದೆ. ಹೋಗದೆ ಉಳಿದವರಲ್ಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿಯಂತಹ ಕಾರಣದಿಂದ ರೋಗನಿರೋಧಕ ಶಕ್ತಿ ಕುಂದಿದ್ದರೆ 5ರಿಂದ 10 ವರ್ಷ. ಅಷ್ಟೂ ಕಾಲ ನೋವಿಲ್ಲ, ರಕ್ತವಿಲ್ಲ. ಆಗಲೇ ಸಿಕ್ಕಿದರೆ ಕೆಟ್ಟ ಭಾಗವನ್ನು ತಂಪಿನಿಂದಲೋ ಶಾಖದಿಂದಲೋ ಸುಟ್ಟು ಅದೇ ದಿನ ಮನೆಗೆ ಕಳಿಸುತ್ತಾರೆ.

ಮೆಡಿಕಲ್ ಗುಳಿಗೆಯ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಟ್ರಾನೆಕ್ಸಾಮಿಕ್ ಆಸಿಡ್ ರಕ್ತವನ್ನು ತಡೆಯುತ್ತದೆ, ನೋರ್‌ಎಥಿಸ್ಟೆರಾನ್ ಮುಟ್ಟನ್ನು ಮುಂದೆ ಹಾಕುತ್ತದೆ. ಕಾರಣವನ್ನು ಎರಡೂ ಮುಟ್ಟುವುದಿಲ್ಲ. ಬಿಳಿಮುಟ್ಟಿಗೆಂದು ಕೇಳಿ ತರುವ ಗುಳಿಗೆಯ ಕಥೆಯೂ ಇದೇ. ಮೊಸರಿನಂತೆ ಗಟ್ಟಿಯಾಗಿ, ತುರಿಕೆಯಿದ್ದರೆ ಹೆಚ್ಚಾಗಿ ಫಂಗಸ್. ತೆಳ್ಳಗೆ, ಮೀನಿನ ವಾಸನೆಯಿದ್ದರೆ ಬ್ಯಾಕ್ಟೀರಿಯಾ. ಹಸಿರು ನೊರೆಯಿದ್ದರೆ ಟ್ರೈಕೊಮೊನಾಸ್, ಅದಕ್ಕೆ ಗಂಡನೂ ಮದ್ದು ತೆಗೆದುಕೊಳ್ಳಬೇಕು. ಮೂರಕ್ಕೂ ಬೇರೆ ಬೇರೆ ಚಿಕಿತ್ಸೆ. ರಕ್ತ ಬೆರೆತ, ಗಬ್ಬುವಾಸನೆಯ ನೀರು ಹೋಗುತ್ತಿದ್ದರೆ ಅಥವಾ ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ ಗುಳಿಗೆಯ ಯೋಚನೆಯೇ ಬೇಡ, ಅದೇ ವಾರ ಹೋಗಿ ತೋರಿಸಿ.

ಪರೀಕ್ಷೆಯಲ್ಲಿ ಏನು ಮಾಡುತ್ತಾರೆಂದು ಗೊತ್ತಿಲ್ಲದಿರುವುದೇ ಅರ್ಧ ಹೆದರಿಕೆ. ಮೊದಲು ಮೂತ್ರ ಮಾಡಿ ಬನ್ನಿ. ಚೂಡಿದಾರದ ಬದಲು ನೈಟಿ ಅಥವಾ ಸೀರೆ ಉಟ್ಟು ಹೋದರೆ ಬಟ್ಟೆ ಬಿಚ್ಚಬೇಕಿಲ್ಲ, ಮೊಣಕಾಲಿನ ಮೇಲಕ್ಕೆ ಸರಿಸಿದರೆ ಸಾಕು, ಮೇಲೊಂದು ಬಟ್ಟೆ ಹೊದಿಸುತ್ತಾರೆ. ಅಂಗಾತ ಮಲಗಿ ಮೊಣಕಾಲು ಮಡಚಿ ಅಗಲಿಸಬೇಕು. ಬಾತುಕೋಳಿಯ ಕೊಕ್ಕಿನಂತಹ ಸ್ಪೆಕ್ಯುಲಮ್ಮನ್ನು ಒಳಗಿಟ್ಟು ಮೆಲ್ಲನೆ ಅಗಲಿಸುತ್ತಾರೆ. ಸೊಂಟ ಎತ್ತಿ ಬಿಗಿ ಹಿಡಿದರೆ ನೋವು, ಸೊಂಟವನ್ನು ಮಂಚಕ್ಕೆ ಊರಿ ಬಾಯಿಯಿಂದ ನಿಧಾನ ಉಸಿರು ಬಿಟ್ಟರೆ ಬರೀ ಒತ್ತಿದಂತೆ ಅನಿಸುತ್ತದೆ. ಮುಟ್ಟು ನಿಂತವರಿಗೆ ಒಳಗೆ ಒಣಗಿರುತ್ತದೆ, ‘ಸಣ್ಣದನ್ನು ಹಾಕಿ’ ಎಂದು ಧೈರ್ಯವಾಗಿ ಕೇಳಿ. ಲೈಂಗಿಕ ಸಂಬಂಧವೇ ಆಗಿರದವರು ಅದನ್ನು ಮೊದಲೇ ಹೇಳಬೇಕು. ಪುರುಷ ಡಾಕ್ಟರಾದರೆ ಇನ್ನೊಬ್ಬ ಹೆಂಗಸು ಅಲ್ಲಿರಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2018ರ ರೋಗಿ ಹಕ್ಕುಗಳ ಸನ್ನದಿನಲ್ಲೇ ಇದೆ. ನರ್ಸ್ ಬರುವವರೆಗೆ ಕಾಯುತ್ತೇನೆ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ತಿಳಿದರೂ ಚಿಂತೆಯಿಲ್ಲ.

ಪ್ಯಾಪ್ (ಗರ್ಭಕೋಶದ ಬಾಯಿಯಿಂದ ಜೀವಕೋಶ ತೆಗೆದು ನೋಡುವ ಪರೀಕ್ಷೆ) ಕೊಡುವ ಮುಂಚಿನ 48 ಗಂಟೆ ಗಂಡನ ಜೊತೆ ಸೇರುವುದು, ಒಳಗೆ ಕ್ರೀಮ್ ಹಚ್ಚುವುದು, ಒಳಗೆ ನೀರು ಹಾಕಿ ತೊಳೆಯುವುದು ಬೇಡ. ಮುಟ್ಟಿನ ದಿನಗಳೂ ಬೇಡ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ವಿಐಎ ಎಂಬ ಪರೀಕ್ಷೆಯಿದೆ: 3ರಿಂದ 5 ಶೇಕಡಾ ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾದು ಬಿಳಿ ಕಲೆ ಏಳುತ್ತದೆಯೇ ನೋಡುವುದು. ಆದರೆ ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಕ್ಕೆ ಸರಿಯುವುದರಿಂದ ವಿಐಎಯನ್ನು ನೆಚ್ಚಿಕೊಳ್ಳುವಂತಿಲ್ಲ. ಅಂಥವರು ಪ್ಯಾಪ್ ಅಥವಾ ಎಚ್‌ಪಿವಿ ಟೆಸ್ಟ್ ಕೇಳಬೇಕು. ಕೇರಳ ಸರಕಾರ 2025ರ ಫೆಬ್ರವರಿ 4ರಂದು ಶುರುಮಾಡಿದ ‘ಆರೋಗ್ಯಂ ಆನಂದಂ’ ಅಭಿಯಾನದ ಮೊದಲ ಹಂತ ಹೆಂಗಸರ ಕ್ಯಾನ್ಸರ್ ತಪಾಸಣೆಗೆಂದೇ ಹೊರಟದ್ದು. ನಿಮ್ಮ ಹತ್ತಿರದ ಕೇಂದ್ರದಲ್ಲಿ ಯಾವ ದಿನ ತಪಾಸಣೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಭಾಷೆಯ ತೊಡಕಿಗೆ ಮಗನನ್ನು ನಡುವೆ ನಿಲ್ಲಿಸುವ ಅಗತ್ಯವಿಲ್ಲ. ಕನ್ನಡ ಬಲ್ಲ ನರ್ಸನ್ನೋ ಆಶಾ ಅಕ್ಕನನ್ನೋ ಕರೆಯಿರಿ. ಅದೂ ಆಗದಿದ್ದರೆ ಈ ಒಂದು ವಾಕ್ಯ ಸಾಕು: ‘ಪೀರಿಯಡ್ಸ್ ನಿನ್ನಿಟ್ಟ್ ಮೂನ್ನ್ ಕೊಲ್ಲಮಾಯಿ, ಇಪ್ಪೋಳ್ ಬ್ಲೀಡಿಂಗ್ ಉಂಡ್.’ (ಮುಟ್ಟು ನಿಂತು ಮೂರು ವರ್ಷವಾಯಿತು, ಈಗ ರಕ್ತ ಹೋಗುತ್ತಿದೆ ಎಂದರ್ಥ.) ಕಲೆ ಕಂಡ ತಾರೀಕು, ದಿನಕ್ಕೆ ಎಷ್ಟು ಪ್ಯಾಡ್, ತಿನ್ನುತ್ತಿರುವ ಗುಳಿಗೆಯ ಹಾಳೆ ಇಷ್ಟು ಕೈಯಲ್ಲಿರಲಿ.

ಸ್ಯಾಂಪಲ್ ಕೊಟ್ಟು ರಿಪೋರ್ಟ್ ತರಲು ಹೋಗದವರೂ ಇದ್ದಾರೆ. ‘ಎನ್‌ಐಎಲ್‌ಎಂ’ ಎಂದಿದ್ದರೆ ಕ್ಯಾನ್ಸರಿನ ಲಕ್ಷಣವಿಲ್ಲ, ಪ್ಯಾಪ್ ಮಾತ್ರ ಕೊಟ್ಟಿದ್ದರೆ ಮತ್ತೆ ಮೂರು ವರ್ಷಕ್ಕೆ. ‘ಅನ್‌ಸ್ಯಾಟಿಸ್‌ಫ್ಯಾಕ್ಟರಿ’ ಎಂದಿದ್ದರೆ ಸ್ಯಾಂಪಲ್ ನೋಡಲು ಸಾಲಲಿಲ್ಲ ಎಂದರ್ಥ, ಎರಡರಿಂದ ನಾಲ್ಕು ತಿಂಗಳೊಳಗೆ ಮತ್ತೆ ಕೊಡಬೇಕು. ಬೇರೇನು ಬರೆದಿದ್ದರೂ ಕಾಗದ ಹಿಡಿದು ಡಾಕ್ಟರ ಹತ್ತಿರ ಹೋಗಿ. ರಕ್ತ ಹೋಗುತ್ತಲೇ ಇದ್ದರೆ, ರಿಪೋರ್ಟ್ ಎಷ್ಟೇ ಚೆನ್ನಾಗಿರಲಿ, ಮೂರು ವರ್ಷ ಕಾಯಬೇಡಿ.